ಮುಡಿ ಕೊಟ್ಟವಳು

ಆ ಮಳೆಗಾಲದಲ್ಲಿ ನಾನು ತಲೆ ಬಾಚಿಕೊಳ್ಳುವುದನ್ನು ಬಿಟ್ಟೆ. ಬೇಕೆಂದು ಬಿಟ್ಟದ್ದಲ್ಲ. ಬಾಚಣಿಗೆ ಕನ್ನಡಿಯ ಮುಂದೆಯೇ ಇರುತ್ತಿತ್ತು; ಮಂಚದಿಂದ ಎದ್ದು ಅಲ್ಲಿಯವರೆಗೆ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ. ವಿಜಯನಗರದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಒಂದು ದಿನ ಬೋರ್ಡಿನ ಮೇಲೆ ಲೆಕ್ಕವನ್ನು ಅರ್ಧ ಬರೆದು, ಮುಂದೇನೆಂದು ತೋಚದೆ ನಿಂತುಬಿಟ್ಟೆ. ರಜೆ ಹಾಕಿ ಬಸವೇಶ್ವರನಗರದ ಮನೆಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅಳು ಬರುತ್ತಿರಲಿಲ್ಲ. ಅತ್ತಿದ್ದರೆ ಮನೆಯವರಿಗೆ ಅರ್ಥವಾಗುತ್ತಿತ್ತೋ ಏನೋ. ನನ್ನ ಗಂಡ ಕಾಮಾಕ್ಷಿಪಾಳ್ಯದಲ್ಲಿ ಸಣ್ಣದೊಂದು ಲೇತ್ ವರ್ಕ್‌ಶಾಪ್ ನಡೆಸುತ್ತಾರೆ. ಸಂಜೆ ಬಂದವರು ನಾನು ಮಲಗಿರುವುದನ್ನು ನೋಡಿ, "ಎಲ್ಲಾದ್ರೂ ಟ್ರಿಪ್ ಹೋಗ್ಬರೋಣ ಕಣೇ, ಸರಿಹೋಗ್ತೀಯ" ಎನ್ನುತ್ತಿದ್ದರು. ಅವರ ಅಕ್ಕ ಬಂದು, "ನಿನಗೇನು ಕಮ್ಮಿ ಆಗಿದೆ ಹೇಳು" ಎಂದು ಕೇಳಿದರು. ಯೋಚಿಸಿದೆ. ಏನೂ ಕಮ್ಮಿ ಇರಲಿಲ್ಲ. ಅದನ್ನು ನೆನೆದಷ್ಟೂ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವರು ಹೊರಡುವಾಗ ಏನೋ ತಮಾಷೆ ಮಾಡಿದರು, ನಾನು ನಕ್ಕೆ. "ನೋಡು, ನಗ್ತಾಳಲ್ಲ! ಮನಸ್ಸು ಮಾಡ್ಬೇಕು ಅಷ್ಟೇ" ಎಂದರು. ಆವತ್ತಿನಿಂದ ನಗುವುದಕ್ಕೂ ಹೆದರಿಕೆ.

ನನ್ನ ಅತ್ತೆ ಹೊಲದಲ್ಲಿ ದುಡಿದು ಬಂದವರು. ಅವರ ಊರು ಈಗ ಲೇಔಟ್ ಆಗಿದೆ. "ತಲೆಗೆ ಉಷ್ಣ ಏರಿದೆ" ಎಂದು ನಿರ್ಧರಿಸಿ, ಒಂದು ಬೆಳಿಗ್ಗೆ ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದು ನನ್ನನ್ನು ಹಿಂದಿನ ಅಂಗಳದಲ್ಲಿ ಕೂರಿಸಿದರು. ತುರುಬು ಬಿಚ್ಚಿದರೆ ಕೂದಲು ಬಿಚ್ಚಿಕೊಳ್ಳಲಿಲ್ಲ. ಗಂಟುಗಂಟಾಗಿ ಕಂಬಳಿಯ ಹಾಗೆ ಒತ್ತಿಕೊಂಡಿತ್ತು. ಅವರು ಎಣ್ಣೆ ಹಾಕಿ, ಎಳೆ ಬಿಡಿಸಿ, ಬಾಚಣಿಗೆ ಹಾಕಿ ಜಗ್ಗಿದರು. ಬಾಚಣಿಗೆಯ ಹಲ್ಲು ಮುರಿಯಿತು. ನಾನು ಸುಮ್ಮನೆ ಕೂತಿದ್ದೆ.

"ನೋವಾಗ್ತಿಲ್ವೇನೇ?"

"ಇಲ್ಲ ಅತ್ತೆ."

"ನಿಜ ಹೇಳು."

"ಬೆಳಿಗ್ಗೆ ಎಚ್ಚರ ಆದ್ರೆ ಯಾಕಾದ್ರೂ ಆಯ್ತೋ ಅನ್ಸುತ್ತೆ. ನಾನಿಲ್ದೇ ಇದ್ರೇ ಚೆನ್ನಾಗಿರುತ್ತೆ ಅನ್ಸುತ್ತೆ."

ಅವರ ಕೈ ನನ್ನ ತಲೆಯ ಮೇಲೆ ನಿಂತುಹೋಯಿತು. ಆಮೇಲೆ ಎದ್ದು ಹೋಗಿ ಕತ್ತರಿ ತಂದರು. ಗಂಟುಗಳು ಬುಡದವರೆಗೂ ಇದ್ದವು. ಕೊನೆಗೆ ಪರಿಚಯದ ಪಾರ್ಲರಿನವರನ್ನು ಮನೆಗೆ ಕರೆಸಿ ಪೂರ್ತಿ ತೆಗೆಸಿದರು. ಮಧ್ಯಾಹ್ನ ಮಗನಿಗೆ ಫೋನು ಮಾಡಿ, "ಮಷೀನ್ ಆಫ್ ಮಾಡಿ ಬಾ. ಇವಳನ್ನ ಡಾಕ್ಟ್ರ ಹತ್ರ ಕರ್ಕೊಂಡ್ಹೋಗ್ಬೇಕು" ಎಂದರು.

ಮನೋವೈದ್ಯರು ಇದನ್ನು ಖಿನ್ನತೆಯ ಕಾಯಿಲೆ ಎಂದರು. ಕಾಯಿಲೆ ಎಂಬ ಆ ಒಂದು ಮಾತಿಗೆ ಮೈ ಹಗುರವಾಯಿತು. ಸೋಮಾರಿತನ ಎಂದು ಅವರು ಹೇಳಲಿಲ್ಲವಲ್ಲ.

ಆ ಮಾತು ನಮ್ಮ ಗೇಟಿನವರೆಗೆ ಮಾತ್ರ. ಪಕ್ಕದ ಮನೆಯ ಆಂಟಿ ನನ್ನ ತಲೆ ನೋಡಿ, "ಮುಡಿ ಕೊಟ್ರಾ? ತಿರುಪತಿಗೆ ಹೋಗಿದ್ರಾ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಹೂಂ, ಹರಕೆ ಇತ್ತು" ಎಂದುಬಿಟ್ಟರು. ಆಂಟಿ ನನಗೆ ಕೈ ಮುಗಿದು, ಲಡ್ಡು ತಂದಿಲ್ಲವೇ ಎಂದು ಕೇಳಿದರು.

ಒಳಗೆ ಬಂದ ಮೇಲೆ ಕೇಳಿದೆ: "ಕಾಯಿಲೆ ಅಂತ ಹೇಳ್ಬಹುದಿತ್ತಲ್ಲ ಅತ್ತೆ?"

"ಹುಚ್ಚಿ ಅಂತಾರೆ. ಸುಮ್ನಿರು."

ನನ್ನ ಗಂಟುಗಳನ್ನು ಕೈಯಾರೆ ಬಿಡಿಸಲು ನೋಡಿದವರು ಅವರೊಬ್ಬರೇ. ಅವರೇ ಮುಚ್ಚಿಟ್ಟ ಮೇಲೆ ಇನ್ಯಾರಿಗೆ ಹೇಳುವುದು? ಮಾತ್ರೆ ನುಂಗಿ ಗೋಡೆ ಕಡೆ ತಿರುಗಿ ಮಲಗಿದೆ. ಮಾತ್ರೆಗೆ ಬಾಯಿ ಒಣಗುತ್ತಿತ್ತು, ಒಳಗಿನ ಕತ್ತಲು ಮಾತ್ರ ಇದ್ದಲ್ಲೇ ಇತ್ತು.

ಎರಡನೇ ಸಲ ಹೋದಾಗ ಡಾಕ್ಟರು, "ಹೇಗಿದೀರಮ್ಮ?" ಎಂದರು. "ಪರವಾಗಿಲ್ಲ ಸಾರ್, ಈಗ ಊಟ ಮಾಡ್ತಾಳೆ" ಎಂದು ನನ್ನ ಗಂಡ ಉತ್ತರಿಸಿದರು. ಡಾಕ್ಟರು ಅವರನ್ನು ಹೊರಗೆ ಕೂರಲು ಹೇಳಿ, ಬಾಗಿಲು ಹಾಕಿಸಿ, ನನ್ನ ಕಡೆ ತಿರುಗಿ ಸುಮ್ಮನೆ ಕಾದರು.

"ಹಾಗೇ ಇದೆ ಸಾರ್," ಎಂದೆ. "ಏನೂ ಕಮ್ಮಿ ಆಗಿಲ್ಲ."

ಅವರು ತಲೆಯಾಡಿಸಿ, "ಸರಿ, ಹೇಳಿ" ಎಂದರು.