ಎರಡು ಮಳೆ ಬರಲಿ

ದೇವರ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಸಿಂಕಿನ ಮುಂದೆ ನಿಂತಿದ್ದಾಗ ಅಮ್ಮನ ಫೋನ್ ಬಂತು. ಕೈಯೆಲ್ಲ ಹುಳಿ. ಮೊಣಕೈಯಲ್ಲೇ ಸ್ಪೀಕರ್ ಒತ್ತಿದೆ.

"ಕಾರು ಕೊಟ್ಟಾಯ್ತು ಕಣೇ. ಕೊಂಡ ಹುಡುಗ ಒಂದು ತಿಂಗಳಿಂದ ಬಂದು ಬಂದು ರಿಪೇರಿ ಮಾಡ್ಕೋತಿದ್ದ, ಇವತ್ತು ತಗೊಂಡು ಹೋದ."

ಯಾವ ಕಾರು ಎಂದು ಕೇಳಬೇಕಾಗಿರಲಿಲ್ಲ. ಅಪ್ಪ ಅಮ್ಮ ಫಾರ್ಮಿಂಗ್ಟನ್ ಹಿಲ್ಸಿನ ಮನೆ ಬಿಟ್ಟು ಅಲ್ಲೇ ಹತ್ತಿರದ ಸಣ್ಣ ಕಾಂಡೋ ಫ್ಲಾಟಿಗೆ ಹೋಗುವವರಿದ್ದಾರೆ. ಅಲ್ಲಿನ ಗ್ಯಾರೇಜಿನಲ್ಲಿ ಒಂದೇ ಗಾಡಿ ಹಿಡಿಸುತ್ತದೆ.

"ಅಪ್ಪ ಹೇಗಿದಾರೆ?"

"ಇದಾರೆ. ಸ್ನಾನಕ್ಕೆ ಹೋದ್ರು. ಆಮೇಲೆ ಮಾತಾಡಿಸ್ತೀನಿ," ಎಂದು ಅಮ್ಮ ಫೋನ್ ಇಟ್ಟಳು. ಇಲ್ಲಿ, ಅವರಿಂದ ನಾಲ್ಕೈದು ಗಂಟೆ ದೂರದ ಲೈಲ್‌ನಲ್ಲಿ, ನನ್ನ ಕಿಟಕಿಯಾಚೆ, ಹಳೆಯ ಹಿಮ ಬೂದಿ ಬಣ್ಣಕ್ಕೆ ತಿರುಗಿ ಬಿದ್ದಿತ್ತು.

ನಾನು ಚಿಕ್ಕವಳಾಗಿದ್ದಾಗ ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡೇ ಋತು: ಕಾರು ಎದ್ದಿರುವ ಕಾಲ, ಕಾರು ಮಲಗಿರುವ ಕಾಲ. ಈ ಸೀಮೆಯಲ್ಲಿ ಬೆಳೆದ ನಿಮ್ಮಲ್ಲಿ ಕೆಲವರ ಗ್ಯಾರೇಜಿನಲ್ಲೂ ಹೊದಿಕೆ ಹೊದ್ದ ಅಂಥದೊಂದು ಗಾಡಿ ಇದ್ದಿರಬಹುದು. ದಿನದ ಕಾರುಗಳು ಹೊರಗೆ ಹಿಮದಲ್ಲಿ ನಿಂತಿರುತ್ತಿದ್ದವು. ಅದೊಂದು ಮಾತ್ರ ಒಳಗೆ, ಬೆಚ್ಚಗೆ.

ಅಪ್ಪನಿಗೆ ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರ್ ಕೆಲಸ. ಕಾರಿನ ಬಾಗಿಲುಗಳ ಚಿಲಕ ಡಿಸೈನ್ ಮಾಡುತ್ತಿದ್ದರು. ಮನೆಯಲ್ಲಿದ್ದದ್ದು ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರು. ಕಡು ಹಸಿರು, ನನಗಿಂತ ವಯಸ್ಸಾದದ್ದು, ಎರಡೇ ಸೀಟು.

"ಸಂಸಾರಸ್ಥರು ಕೊಳ್ಳೋ ಗಾಡಿನಾ ಇದು? ಮೂರನೇವ್ರು ಎಲ್ಲಿ ಕೂರೋದು, ಬಾನೆಟ್ ಮೇಲಾ?" ಎಂದು ಅಮ್ಮ ಅನ್ನುತ್ತಲೇ ಇದ್ದಳು. ಆ ಎರಡನೆಯ ಸೀಟು ನನ್ನದು.

ಆಯುಧಪೂಜೆಯ ದಿನ ಉಳಿದವರು ಗಾಡಿಗೆ ಪೂಜೆ ಮಾಡಿ ಒಂದು ಸುತ್ತು ಹೋಗಿಬರುತ್ತಿದ್ದರು. ನಾವು ಪೂಜೆ ಮಾಡಿ ಮಲಗಿಸುತ್ತಿದ್ದೆವು. ಬಣ್ಣ ಹಾಳಾಗುತ್ತದೆಂದು ಅಪ್ಪ ಕುಂಕುಮ ಇಡಗೊಡುತ್ತಿರಲಿಲ್ಲ. ಅಮ್ಮ ನಂಬರ್ ಪ್ಲೇಟಿಗೆ ಇಡುತ್ತಿದ್ದಳು. ನಿಂಬೆಹಣ್ಣಿನ ಮೇಲೆ ಗಾಲಿ ಹರಿಸಿ ಹಾಗೇ ಗ್ಯಾರೇಜಿನೊಳಕ್ಕೆ. ಬ್ಯಾಟರಿ ಬಿಚ್ಚುವುದು, ಇಲಿ ಹೊಗದಂತೆ ಸೈಲೆನ್ಸರ್ ಬಾಯಿಗೆ ಉಕ್ಕಿನ ನಾರು ತುರುಕುವುದು, ಸೀಟಿನ ಕೆಳಗೆ ನುಸಿಗುಳಿಗೆ. ಆ ವಾಸನೆಗೆ ಬೇರೆಯವರಿಗೆ ಅಜ್ಜಿಯ ಪೆಟ್ಟಿಗೆ ನೆನಪಾದರೆ ನನಗೆ ಚರ್ಮದ ಸೀಟು ನೆನಪಾಗುತ್ತದೆ, ಪೆಟ್ರೋಲು ನೆನಪಾಗುತ್ತದೆ.

ಶನಿವಾರ ಬಶೀರ್ ಅಂಕಲ್ ಬರುತ್ತಿದ್ದರು. ಹುಬ್ಬಳ್ಳಿಯವರು, ದಿನಸಿ ಅಂಗಡಿ ಇಟ್ಟಿದ್ದರು, ಅವರಲ್ಲೂ ಅಂಥದೇ ಬಿಳಿಯ ಗಾಡಿಯೊಂದಿತ್ತು. ಕೈಯಲ್ಲಿ ಒಗ್ಗರಣೆ ಮಂಡಕ್ಕಿಯ ಡಬ್ಬಿ.

"ಏನ್ರಿ ರಾಯರ, ನಿಮ್ಮ ರಾಣಿ ಎದ್ದಾಳೇನ್ರಿ?"

"ಇನ್ನೂ ಇಲ್ಲ. ನಿಮ್ಮವಳು?"

"ಗೊರಕಿ ಹೊಡ್ಯಾಕತ್ತಾಳ."

ಸ್ಪೇಸ್ ಹೀಟರ್ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಇಬ್ಬರೂ ಚಹಾ ಕುಡಿಯುತ್ತ, ಮುಂದಿನ ಸೀಸನ್ನಿಗೆ ಎಲ್ಲಿಗೆ ಹೋಗುವುದೆಂದು ಮಾತಾಡುತ್ತಿದ್ದರು. ಅಂಕಲ್ ಹೋದ ಮೇಲೆ ಹೊದಿಕೆಯ ಒಂದು ಬದಿ ಎತ್ತಿ ಅಪ್ಪ, ನಾನು ಒಳಗೆ ಕೂರುವುದು. ನಿಂತ ಗಾಡಿಯಲ್ಲೇ ಊರೂರು ಸುತ್ತುವುದು, ಅದು ನಮ್ಮ ಆಟ. ಅಪ್ಪನ ಕಟ್ಟಳೆ ಒಂದೇ: ಆ ಕಾರೊಳಗೆ ಕನ್ನಡ.

"ಮುಂದಿನ ಎಕ್ಸಿಟ್ ಯಾವುದು ಪುಟ್ಟಿ?"

"ಶ್ರೀರಂಗಪಟ್ಟಣ!"

"ಸರಿಯಾಗಿ ನೋಡ್ಕೊಂಡು ಹೇಳು. ದಾಟಿಹೋದ್ರೆ ಮುಂದಿನದು ಮೂವತ್ತು ಮೈಲಿ."

ನಾನು ಹೇಳಹೊರಟಿರುವುದು ನನಗೆ ಹತ್ತು ತುಂಬಿದ ಚಳಿಗಾಲದ ಮಾತು. ಅಪ್ಪನ ಕಣ್ಣಿನ ಸುದ್ದಿ ನಮಗೆ ಗೊತ್ತಾದದ್ದು ಅದರ ಹಿಂದಿನ ಶರತ್ಕಾಲದಲ್ಲಿ. ನೋಟ ಸುತ್ತಲಿಂದ ಮುಚ್ಚಿಕೊಳ್ಳುತ್ತ ಬರುವ ಕಾಯಿಲೆ. ಹಗಲು ಹೊತ್ತು ಓಡಿಸಬಹುದು, ಏಪ್ರಿಲ್‌ನಲ್ಲಿ ಮತ್ತೆ ನೋಡಿ ಹೇಳುತ್ತೇನೆ ಎಂದಿದ್ದರು ಡಾಕ್ಟರು. ಏನು ಹೇಳುತ್ತಾರೆಂದು ಅಪ್ಪನಿಗೆ ಗೊತ್ತಿತ್ತು. ಹಸಿರು ಕಾರನ್ನು ಇನ್ನೊಂದು ಸಲ ಓಡಿಸಬೇಕು, ಅದಕ್ಕೆ ಮುಂಚೆ ಆ ದಿನ ಬರಬಾರದು. ಆ ಚಳಿಗಾಲವಿಡೀ ಅವರು ಬೇಡಿಕೊಂಡದ್ದು ಅಷ್ಟೇ.

ಬೆಳಿಗ್ಗೆ ಕತ್ತಲು, ಸಂಜೆ ಬೇಗ ಕತ್ತಲು. ಅಮ್ಮನೇ ಅಪ್ಪನನ್ನು ಡಿಯರ್‌ಬಾರ್ನ್‌ಗೆ ಬಿಟ್ಟು ಕರೆತರುತ್ತಿದ್ದಳು. ನನ್ನನ್ನೂ ಎಬ್ಬಿಸಿ, ಕಂಬಳಿ ಸುತ್ತಿ ಹಿಂದಿನ ಸೀಟಿನಲ್ಲಿ ಕೂರಿಸುವಳು. ಬಾಯಲ್ಲಿ ದೇವರ ನಾಮ, ಸ್ಟೀರಿಂಗಿನ ಮೇಲೆ ಬಿಗಿದ ಕೈ. ದೇವರು ದೊಡ್ಡವನು, ಆ ವರ್ಷ ಒಂದು ದಿನವೂ ಗಾಡಿ ಜಾರಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಐವತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಏರಿತು. ಸೂರಿನ ಹಿಮ ತೊಟ್ಟಿಕ್ಕುತ್ತಿತ್ತು, ರಸ್ತೆ ಒಣಗಿತ್ತು. ಬಶೀರ್ ಅಂಕಲ್ ಓಡೋಡಿ ಬಂದರು.

"ಹೊರಗ ತಗೀರಿ ರಾಯರ! ಇಂಥಾ ಬಿಸಲು ಮತ್ತ ಸಿಗೂದಿಲ್ಲ. ಬ್ಯಾಟರಿ ನಾ ಹಚ್ತೀನಿ."

ಅಪ್ಪ ರಸ್ತೆಯವರೆಗೆ ನಡೆದುಹೋಗಿ ಬಗ್ಗಿ ಬೆರಳಿನಿಂದ ಒರೆಸಿದರು. ಬೆರಳು ಬೆಳ್ಳಗಾಗಿತ್ತು. "ಉಪ್ಪು," ಅಂದರು. ಮಂಜುಗಡ್ಡೆ ಕರಗಲಿ ಎಂದು ಇಲ್ಲಿ ರಸ್ತೆಗೆಲ್ಲ ಸುರಿಯುತ್ತಾರಲ್ಲ, ಅದು. "ಇದರ ಮೇಲೆ ಓಡ್ಸಿದ್ರೆ ತಳ ತುಕ್ಕು ಹಿಡಿಯುತ್ತೆ. ಎರಡು ಮಳೆ ಬರ್ಲಿ, ತೊಳೆದುಹೋಗ್ಲಿ."

ಹಳೆಯ ಗಾಡಿ ಇಟ್ಟವರೆಲ್ಲರ ಕಟ್ಟುನಿಟ್ಟಿನ ನಿಯಮ ಅದು. ಬಶೀರ್ ಅಂಕಲ್ ಬೇರೆ ವರ್ಷವಾಗಿದ್ದರೆ ತಾವೇ ಹಾಗೆ ಹೇಳುತ್ತಿದ್ದರು. ಅಂದು ಅವರು, "ಮಳಿ ಬರ್ತೈತ್ರಿ, ಆದ್ರ..." ಎಂದು ಅಲ್ಲಿಗೇ ನಿಲ್ಲಿಸಿದರು.

ಅಮ್ಮ ನಿಲ್ಲಿಸಲಿಲ್ಲ. ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ಯಾರಿಗೋಸ್ಕರ ಕಾಪಾಡ್ತಿದೀರಿ ಅದನ್ನ? ತುಕ್ಕು ಹಿಡಿದ್ರೆ ಹಿಡೀಲಿ! ಹೋಗಿಬನ್ನಿ ಅಂತ ನಾನೇ ಹೇಳ್ತಿದೀನಿ, ಇಷ್ಟು ವರ್ಷದಲ್ಲಿ ಒಂದಿನ ಹೇಳಿದ್ನಾ?"

"ಒಂದೆರಡು ತಿಂಗಳು ತಾನೇ," ಅಂದರು ಅಪ್ಪ. ನನ್ನ ಕಡೆ ನೋಡಿ ನಕ್ಕರು. ನಾನು ಶೂ ಹಾಕಿಕೊಂಡು ನಿಂತಿದ್ದೆ. ಬಿಚ್ಚಿದೆ.

ಮಾರ್ಚಿನಲ್ಲಿ ಮತ್ತೆ ಮತ್ತೆ ಹಿಮ. ಉಪ್ಪಿನ ಲಾರಿಗಳು ಹಳದಿ ದೀಪ ತಿರುಗಿಸುತ್ತ ಓಡಾಡಿದವು. ಅಪ್ಪ ಆಟಕ್ಕೆ ಕೂತಾಗ ಗೇರಿನ ಹಿಡಿಯನ್ನು ತಡವಿ ಹುಡುಕತೊಡಗಿದ್ದರು. ಮಳೆಗೆ ಮೊದಲು ಡಾಕ್ಟರ ದಿನ ಬಂತು.

ಆಸ್ಪತ್ರೆಯಿಂದ ಹೊರಬಂದು ಅಮ್ಮನ ಪಕ್ಕದಲ್ಲಿ ಕೂತ ಅಪ್ಪ, "ಇನ್ನು ಬೇಡ ಅಂದ್ರು," ಎಂದರು. ಫ್ರೀವೇಗೆ ಹತ್ತಿದ್ದೇ ತಡ, ಮಳೆ ಸುರಿಯಿತು. ಹಿಮವಲ್ಲ, ಆಲಿಕಲ್ಲಲ್ಲ, ದಪ್ಪ ಹನಿಯ ಬೆಚ್ಚನೆಯ ಮಳೆ. ವೈಪರ್ ಬಡಿದುಕೊಳ್ಳುತ್ತಿತ್ತು. ಅಪ್ಪ ಕಿಟಕಿಯ ಗಾಜಿಗೆ ಅಂಗೈ ಒತ್ತಿ ಕೂತಿದ್ದರು.

"ಚೆನ್ನಾಗಿ ತೊಳೀತಿದೆ ಅಲ್ವಾ?" ಅಂದರು.

ಅಮ್ಮ ನಮ್ಮ ಎಕ್ಸಿಟ್ ದಾಟಿಕೊಂಡು ಹೋದಳು. ನಾವು ಯಾರೂ ಹೇಳಲಿಲ್ಲ.

ಎರಡನೆಯ ಮಳೆಯೂ ಆಯಿತು. ಬಶೀರ್ ಅಂಕಲ್ ಹೊದಿಕೆ ತೆಗೆದು, ಬ್ಯಾಟರಿ ಜೋಡಿಸಿ ಕಾರು ಎಬ್ಬಿಸಿದರು. "ಬರ್ರಿ ರಾಯರ, ಬಾಜೂಕ ಕೂಡ್ರಿ. ಬೆಲ್ ಐಲ್ ನಡುಗಡ್ಡಿ‌ತನಾ ಹೋಗೂಣು."

"ಆ ಸೀಟು ಅವಳದು," ಅಂದರು ಅಪ್ಪ. "ಅವಳನ್ನ ಕರ್ಕೊಂಡು ಹೋಗಿ."

ಹೋದೆ. ನಮ್ಮ ಬಡಾವಣೆ ದಾಟುವಾಗ ಅಂಕಲ್, "ಎತ್ತಾಗ ಹೋಗೂಣು ಬೇಟಾ?" ಎಂದು ಕೇಳಿದರು. "ಐ ಡೋಂಟ್ ಕೇರ್, ಅಂಕಲ್," ಎಂದೆ. ಆ ಕಾರಿನೊಳಗೆ ನಾನು ಆಡಿದ ಮೊದಲ ಇಂಗ್ಲಿಷು ಅದು. ಅಂಕಲ್ ಮುಂದಿನ ತಿರುವಿನಲ್ಲೇ ಗಾಡಿ ತಿರುಗಿಸಿದರು. ಬೇಗ ಹಿಂದಿರುಗಿದೆವು. ಅಪ್ಪ ಮನೆ ಮುಂದಿನ ಡ್ರೈವ್‌ವೇ ತುದಿಯಲ್ಲಿ ನಿಂತು ನಾವು ಹೋದ ದಿಕ್ಕಿಗೇ ಮುಖ ಮಾಡಿದ್ದರು. ನಾವು ಬಂದದ್ದು ಇನ್ನೊಂದು ಕಡೆಯಿಂದ. ಸದ್ದು ಕೇಳಿ ತಿರುಗಿದರು.

ಬಶೀರ್ ಅಂಕಲ್ ಇರುವ ತನಕ ವರ್ಷಕ್ಕೊಂದು ಸಲ ಅದನ್ನು ಹೊರಗೆ ತೆಗೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಹೊದಿಕೆ ಎತ್ತಿದವರಿಲ್ಲ. ಅಪ್ಪನಿಗೆ ಈಗ ಬೆಳಕು, ಕತ್ತಲು ಇಷ್ಟೇ ತಿಳಿಯುತ್ತದೆ. ಕಿವಿ ಚುರುಕಾಗಿದೆ, ಅಮ್ಮ ಈ ವಯಸ್ಸಿನಲ್ಲೂ ಹಗಲು ಡ್ರೈವ್ ಮಾಡುತ್ತಾಳೆ. ಅಷ್ಟು ಉಳಿಸಿಕೊಟ್ಟಿದ್ದಾನೆ ದೇವರು. ನನ್ನ ಮಕ್ಕಳ ಸೀಟು ಗುಂಡಿ ಒತ್ತಿದರೆ ಬಿಸಿಯಾಗುತ್ತದೆ. ಜನವರಿಯಾದರೇನು, ಜುಲೈ ಆದರೇನು, ಅವರು ಯಾವುದಕ್ಕೂ ಕಾಯುವುದಿಲ್ಲ. ಯಾರ ಜೊತೆಗೂ ಕೂತು ಕಾಯುವುದಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ, ನಾನೂ ಅಲ್ಲಿಗೇ ಬಿಡುತ್ತೇನೆ.

ಮತ್ತೆ ಫೋನ್ ಬಂತು. ಈ ಸಲ ಅಪ್ಪ.

"ಟ್ರೈಲರ್ ಮೇಲೆ ಏರಿಸ್ಕೊಂಡು ಹೋದ್ನಾ ಅಪ್ಪಾ?"

"ಇಲ್ಲಮ್ಮ. ಓಡಿಸ್ಕೊಂಡೇ ಹೋದ."

"ಈ ಉಪ್ಪಿನ ಮೇಲಾ? ನೀವು ಹೇಳ್ಲಿಲ್ವಾ?"



"ನಾಲಿಗೆ ತುದೀಗೆ ಬಂದಿತ್ತು. ಆ ಹುಡುಗ ಸ್ಟಾರ್ಟ್ ಮಾಡಿದವನೇ ನಗ್ತಿದ್ದ ಪುಟ್ಟಿ, ಜೋರಾಗಿ. ಓಡಿಸ್ಲಿ ಬಿಡು ಅಂದ್ಕೊಂಡೆ."

ಅಮ್ಮ ಊಟಕ್ಕೆ ಕರೆದದ್ದು ಕೇಳಿಸಿತು. ಅಪ್ಪ ಫೋನ್ ಇಟ್ಟರು. ಕೆಳಗೆ ಡ್ರೈಯರ್ ನಿಂತಿತ್ತು. ಬಟ್ಟೆ ಬಿಸಿಯಾಗಿರುವಾಗಲೇ ಮಡಿಸಿಟ್ಟರೆ ಸುಕ್ಕಾಗುವುದಿಲ್ಲ ಎಂದು ಬೇಸ್‌ಮೆಂಟಿಗೆ ಇಳಿದೆ.