ಅವ್ವನ ರೇಡಿಯೋ ಗರಗರ ಅಂದದ್ದು

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮವ್ವ ಗುಂಡ್ಲುಪೇಟೆ ಕಡೆಯ ಹಂಗಳದ ಹತ್ತಿರ ಒಬ್ಬರ ಕಣದಲ್ಲಿ ಅರಿಶಿನ ಒಣಗಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅಂಗೈಗಿಂತ ಸ್ವಲ್ಪ ದೊಡ್ಡದಾದ ರೇಡಿಯೋ ಒಂದು ಅವಳ ಜೊತೆಗೇ ಹೋಗುತ್ತಿತ್ತು. ಎಲ್ಲರ ಕೈಗೂ ಮೊಬೈಲು ಬಂದಿದ್ದರೂ ಅವ್ವನಿಗೆ ಅದೇ ಬೇಕು.

ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ನಾನೂ ಕಣದಲ್ಲಿದ್ದೆ. ಬಿಸಿಲು ಚುರುಗುಟ್ಟುತ್ತಿತ್ತು. ಹಾಡಿನ ನಡುವೆ ರೇಡಿಯೋ ಗರಗರ ಅನ್ನತೊಡಗಿತು. ಅವ್ವ ಸರಸರನೆ ಅರಿಶಿನವನ್ನು ರಾಶಿ ಮಾಡತೊಡಗಿದಳು.

"ಮಳೆ ಬತ್ತದೆ. ಟಾರ್ಪಾಲು ಎಳಿ ಕಣಮ್ಮಿ."

ಜೊತೆಯ ಹೆಂಗಸರು ನಕ್ಕರು. "ನಿನ್ ರೇಡಿಯೋ ಕೆಟ್ಟೋಗದೆ ಬುಡು. ಈ ಬಿಸ್ಲಲ್ಲಿ ಎಲ್ಲಿ ಮಳೆ?"

ಒಂದು ಗಂಟೆ ಕಳೆಯುವುದರೊಳಗೆ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಕಪ್ಪು ಮೋಡ ನುಗ್ಗಿ ಬಂತು. ಟಾರ್ಪಾಲಿನ ಕೆಳಗಿದ್ದ ಅರಿಶಿನಕ್ಕೆ ಒಂದು ಹನಿಯೂ ತಾಕಲಿಲ್ಲ. ಅಂದಿನಿಂದ ರೇಡಿಯೋ ಒದರಿದರೆ ಸಾಕು, ನಕ್ಕಿದ್ದವರೇ ಮೊದಲು ಓಡುತ್ತಿದ್ದರು.

ಆ ವರ್ಷ ಚಾಮರಾಜನಗರದಲ್ಲಿ ಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನವಿತ್ತು. ವಿಜ್ಞಾನದ ಟೀಚರ್ ನನಗೆ ವಿದ್ಯುತ್ಕಾಂತೀಯ ಅಲೆಗಳ ಚಾರ್ಟ್ ಬರೆಯಲು ಹೇಳಿದರು. ರೇಡಿಯೋ ಅಲೆ, ಮೈಕ್ರೋವೇವ್, ಅವಕೆಂಪು, ಕಣ್ಣಿಗೆ ಕಾಣುವ ಬೆಳಕು, ನೇರಳಾತೀತ, ಎಕ್ಸ್-ರೇ, ಗಾಮಾ. "ಎಲ್ಲವೂ ಒಂದೇ ಮನೆಯ ಮಕ್ಕಳು, ಅಲೆಯ ಉದ್ದ ಮಾತ್ರ ಬೇರೆ" ಎಂದು ಹೇಳಿ, ಟಿವಿ ರಿಮೋಟನ್ನು ತಮ್ಮ ಮೊಬೈಲಿನ ಕ್ಯಾಮೆರಾ ಮುಂದೆ ಒತ್ತಿ ತೋರಿಸಿದರು. ಬರಿಗಣ್ಣಿಗೆ ಕಾಣದ ಅವಕೆಂಪು ಬೆಳಕು ಪರದೆಯ ಮೇಲೆ ಮಿಣುಕಿತು. ನನಗೆ ಮಾತ್ರ ಒಂದೇ ಚಿಂತೆ. ಬೇರೆ ಶಾಲೆಯವರು ತಿರುಗುವ, ಹಾರುವ ಮಾದರಿ ತರುತ್ತಾರೆ. ನನ್ನದು ಗೋಡೆಗೆ ಅಂಟಿಸುವ ಕಾಗದ.

ಅಡುಗೆಮನೆಯಲ್ಲಿ ಕೂತು ಚಾರ್ಟಿಗೆ ಬಣ್ಣ ಹಚ್ಚುತ್ತಿದ್ದಾಗ ಅವ್ವ ಗ್ಯಾಸ್ ಹಚ್ಚಲು ಲೈಟರ್ ಒತ್ತಿದಳು. ಗೂಡಿನಲ್ಲಿದ್ದ ರೇಡಿಯೋ 'ಟರ್' ಅಂದಿತು. ಒಲೆ ಹತ್ತಲಿಲ್ಲ, ಮತ್ತೆ ಒತ್ತಿದಳು. ಮತ್ತೆ 'ಟರ್'.

"ಅವ್ವ, ಅದ್ಯಾಕೆ ಅಂಗಂತದೆ?"

"ಯಾವಾಗ್ಲೂ ಅಂಗೇ ಕಣಮ್ಮಿ. ಲೈಟರು ಒತ್ತುದ್ರೂ ಒದರ್ತದೆ, ದೂರದಲ್ಲಿ ಸಿಡ್ಲು ಒಡುದ್ರೂ ಒದರ್ತದೆ."

ಮರುದಿನ ಟೀಚರಿಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಕಿಡಿ ಹಾರಿದಾಗ ರೇಡಿಯೋ ಅಲೆ ಹುಟ್ಟುತ್ತೆ! ಸಿಡಿಲೂ ದೊಡ್ಡ ಕಿಡಿನೇ. ಅದರ ಅಲೆ ಮೋಡಕ್ಕಿಂತ ಮುಂಚೆ ನಿಮ್ಮಮ್ಮನ ರೇಡಿಯೋಗೆ ಬಂದು ಮುಟ್ಟುತ್ತೆ. ಚಾರ್ಟಿನ ಜೊತೆ ಇದನ್ನೇ ತೋರಿಸು."

ಅವ್ವ ರೇಡಿಯೋ ಕೊಡಲು ಒಪ್ಪಲಿಲ್ಲ. "ಅದು ಓಗದಾದ್ರೆ ನಾನೂ ಬತ್ತೀನಿ" ಅಂದಳು. ಹಾಗೆ ನಾವಿಬ್ಬರೂ ಟೀಚರ ಜೊತೆ ಗುಂಡ್ಲುಪೇಟೆಗೆ ಹೋಗಿ, ಬಸ್ಸು ಬದಲಿಸಿ ಚಾಮರಾಜನಗರಕ್ಕೆ ಬಂದೆವು.

ಸಭಾಂಗಣದ ತುಂಬ ರಾಕೆಟ್ಟು, ಅಣೆಕಟ್ಟು, ಬಣ್ಣದ ದೀಪಗಳು. ನನ್ನ ಮೇಜಿನ ಮೇಲೆ ಒಂದು ಲೈಟರ್, ಒಂದು ಹಳೆಯ ರೇಡಿಯೋ. ತೀರ್ಪುಗಾರರಾಗಿ ಬಂದಿದ್ದ ಕಾಲೇಜು ಉಪನ್ಯಾಸಕರು ನಾನು ತೋರಿಸಿದ್ದನ್ನು ನೋಡಿ ಕೇಳಿದರು: "ಲೈಟರಿನ ಸದ್ದಿಗೇ ಸ್ಪೀಕರ್ ಅದುರ್ತಿರಬಹುದಲ್ಲ? ಅಲೆ ಅಂತ ಹೇಗೆ ನಂಬೋದು?"

ನಾನು ಟೀಚರ ಕಡೆ ನೋಡಿದೆ. ಸ್ಪರ್ಧೆಯ ನಿಯಮದಂತೆ ಅವರು ಬಾಯಿ ಬಿಡುವಂತಿರಲಿಲ್ಲ.

"ಒಂದ್ಗಳಿಗೆ ತಡೀರಿ ಸಾ" ಎಂದಳು ಹಿಂದೆ ನಿಂತಿದ್ದ ಅವ್ವ.

ಮಧ್ಯಾಹ್ನಕ್ಕೆಂದು ತಂದಿದ್ದ ಚಿತ್ರಾನ್ನವನ್ನು ಪೇಪರಿನ ಮೇಲೆ ಸುರಿದು, ಆ ಸ್ಟೀಲಿನ ಡಬರಿಯನ್ನು ಸೆರಗಿನಿಂದ ಒರೆಸಿದಳು. ಮೊದಲು ರೇಡಿಯೋಗೆ ಟವಲ್ ಸುತ್ತಿದಳು. "ಈಗ ಒತ್ತು ಮಗ." ಒತ್ತಿದೆ. 'ಟರ್'. ಆಮೇಲೆ ರೇಡಿಯೋವನ್ನು ಡಬರಿಯೊಳಗಿಟ್ಟು ಮುಚ್ಚಳ ಬಿಗಿದಳು. ಎಷ್ಟು ಒತ್ತಿದರೂ ಒಳಗಿನಿಂದ ಸಣ್ಣಗೆ 'ಸುಯ್' ಅನ್ನುವುದು ಬಿಟ್ಟರೆ ಬೇರೇನೂ ಕೇಳಲಿಲ್ಲ.

"ಮಳೇಲಿ ನೆನೀದಿರ್ಲಿ ಅಂತ ಒಂದ್ಸಲ ಇದ್ರೊಳಕ್ಕೆ ಇಟ್ಬುಟ್ಟಿದ್ದೆ ಸಾ. ಹಾಡೇ ನಿಂತೋಯ್ತು."

ನನಗೆ ಥಟ್ಟನೆ ಹೊಳೆಯಿತು. "ಪಾತ್ರೆಯ ಲೋಹ ಅಲೆಯನ್ನು ತಡೆಯುತ್ತೆ ಸಾರ್. ಸದ್ದನ್ನಾದರೆ ಪೂರ್ತಿ ತಡೆಯೋದಿಲ್ಲ. ಒಳಗಿನ 'ಸುಯ್' ನಮಗೆ ಕೇಳ್ತಿದೆಯಲ್ಲ!"

ಉಪನ್ಯಾಸಕರು ಡಬರಿಗೆ ಕಿವಿಯಿಟ್ಟು ತಾವೇ ಲೈಟರ್ ಒತ್ತಿದರು. ಮುಚ್ಚಳ ತೆಗೆದು ಒತ್ತಿದರು, ಹಾಕಿ ಒತ್ತಿದರು. ಮುಖದಲ್ಲಿ ನಗು ಅರಳಿತು. "ಅಮ್ಮಾ, ಎಷ್ಟು ಓದಿದ್ದೀರಿ?"

"ನಾಕ್ನೇ ಕ್ಲಾಸು ಸಾ."

ಅವರು ಉಳಿದ ತೀರ್ಪುಗಾರರನ್ನೆಲ್ಲ ಕೂಗಿ ಕರೆದರು. ರಾಕೆಟ್ಟಿನ ಹುಡುಗರೂ ನಮ್ಮ ಮೇಜಿನ ಮುಂದೆ ಸಾಲು ನಿಂತರು.

ಮೊದಲ ಬಹುಮಾನಕ್ಕೆ ನಮ್ಮ ಶಾಲೆಯ ಹೆಸರು ಕೂಗಿದಾಗ ನಾನು ಅವ್ವನ ಕೈ ಹಿಡಿದು ವೇದಿಕೆಗೆ ಎಳೆದೊಯ್ದೆ. ಡಬರಿಯನ್ನು ಕಂಕುಳಲ್ಲಿ ಇರುಕಿಕೊಂಡೇ ಅವಳು ಶೀಲ್ಡಿಗೆ ಕೈಚಾಚಿದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಅವ್ವ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರು ಶೀಲ್ಡನ್ನು ನೋಡಿ, "ಯಾರ್ಗಮ್ಮ ಪ್ರೈಜು, ನಿಮ್ಮ್ ಉಡ್ಗೀಗಾ?" ಅಂದ.

"ನಮ್ಮಿಬ್ರಿಗೂ ಕಣಪ್ಪ" ಅಂದಳು ಅವ್ವ.