ಅರಿಶಿಣ ಹತ್ತಿದ ಹತ್ತು ಉಗುರು

ತಿಕ್ಕಿದರೆ ಮೇಲಿನ ಹೊಳಪಷ್ಟೇ ಹೋಗುತ್ತದೋ, ಕೆಳಗಿನ ಗುಲಾಬಿ ಬಣ್ಣವೂ ಎದ್ದು ಬರುತ್ತದೋ? ಎದ್ದು ಬಂದರೆ ಎಲ್ಲವನ್ನೂ ಕಿತ್ತು ಮೊದಲಿನಿಂದ ಹಚ್ಚಬೇಕು. ಅಷ್ಟು ಹೊತ್ತು ಎಲ್ಲಿದೆ? ಅರಿಶಿಣ ಒಂದೇ ಆಗಿದ್ದರೆ ಹೆದರಿಕೆ ಇರಲಿಲ್ಲ. ಎಣ್ಣೆಯಲ್ಲಿ ಕಲಸಿದ ಅರಿಶಿಣ. ಎಣ್ಣೆ ಎಲ್ಲಿ ಸಂದು ಸಿಕ್ಕರೂ ಇಳಿಯುತ್ತದೆ.

ಕಿರಣ ನಾಯ್ಕರು ಇನ್ನೂ ಮೊದಲ ಉಗುರನ್ನು ಮುಟ್ಟಿಲ್ಲ. ಬನವಾಸಿಯ ಆಚೆಗಿನ ಒಂದು ಹಳ್ಳಿ. ಬೆಳಕು ಹರಿದಿಲ್ಲ. ನಡುಮನೆಯ ಟ್ಯೂಬ್‌ಲೈಟಿನ ಕೆಳಗೆ ಮದುಮಗಳು ಶಿಲ್ಪಾ ಎರಡೂ ಕೈಗಳನ್ನು ಮಣೆಯ ಮೇಲಿಟ್ಟು ಕೂತಿದ್ದಾಳೆ. ಎರಡು ದಿನದ ಹಿಂದೆ ಶಿರಸಿಯ ತಮ್ಮ ಅಂಗಡಿಯಲ್ಲಿ ಕಿರಣರೇ ಹಚ್ಚಿದ ತಿಳಿಗುಲಾಬಿ ಬಣ್ಣ ಅದು. ನಿನ್ನೆ ಸಂಜೆ ಮನೆಯ ಹೆಂಗಸರೆಲ್ಲ ಸೇರಿ ಮೊಣಕೈವರೆಗೆ ಅರಿಶಿಣ ತಿಕ್ಕಿದ್ದಾರೆ. ಸ್ನಾನವಾದ ಮೇಲೆ ಮೈಯಿಂದ ಅರಿಶಿಣ ಹೋಗಿದೆ, ಉಗುರಿನಿಂದ ಹೋಗಿಲ್ಲ.

"ಚಿತ್ರಾನ್ನ ಕಲಸಿ ಕೈ ತೊಳಿಲಾರದವರಂಗ ಕಾಣಸ್ತೈತಿ," ಎಂದು ಹಿಂದಿನಿಂದ ಯಾರೋ ಹುಡುಗಿ ನಗುತ್ತಾಳೆ.

"ಸುಮ್ಮನಿರ್ರೇ," ಎಂದು ಶಿಲ್ಪಾ ಗದರುತ್ತಾಳೆ. "ಕಿರಣಣ್ಣಾ, ಉಂಗುರ ಹಾಕೋವಾಗ ಫೋಟೋದವ ಬರೇ ಬೆರಳನ್ನ ತಗೀತಾನ್ರಿ. ಹೋಗ್ತೈತಲ್ರಿ ಇದು?"

"ನೋಡ್ವ," ಎನ್ನುತ್ತಾರೆ ಕಿರಣ. ಅದಕ್ಕಿಂತ ಹೆಚ್ಚು ಹೇಳಲು ಅವರಿಗೆ ಧೈರ್ಯವಿಲ್ಲ.

ಶಿರಸಿಯಂಥ ಊರಿನಲ್ಲಿ ಉಗುರಿನ ಅಂಗಡಿಗೆ ಜಾಹೀರಾತು ಎಂದರೆ ಮದುವೆಮನೆ. ಒಬ್ಬ ಮದುಮಗಳ ಕೈ ನೋಡಿ ಇನ್ನೊಬ್ಬಳು ಬರುತ್ತಾಳೆ. ಹಳದಿಯಾದ ಕೈ ನೋಡಿದವರು ಬರುವುದಿಲ್ಲ, ಬರುವವರನ್ನೂ ತಡೆಯುತ್ತಾರೆ. ಮೊದಲೇ ಗಂಡಸು ಉಗುರಿಗೆ ಬಣ್ಣ ಹಚ್ಚುತ್ತಾನೆ ಎಂದು ಮೂಗು ಮುರಿದವರಿದ್ದಾರೆ. ಈ ಬೆಳಿಗ್ಗೆ ಕೈಕೊಟ್ಟರೆ ಅಂಗಡಿಗೆ ಬಾಗಿಲು ಹಾಕಬೇಕಾದೀತು ಎಂಬುದು ಕಿರಣರಿಗೆ ಗೊತ್ತು. ಆ ಅಂಗಡಿಯನ್ನು ಕಟ್ಟಿದ್ದು ಅವರಲ್ಲ, ಅವರ ಹೆಂಡತಿ ಮಮತಾ.

ಕಿರಣರದ್ದು ಸಿದ್ದಾಪುರ ತಾಲ್ಲೂಕಿನ ಬಿಳಗಿಯ ಕಡೆಯ ರೈತ ಮನೆ. ಪಿಯುಸಿ ಮುಗಿಸಿ ಶಿರಸಿಯ ಗ್ಯಾರೇಜೊಂದರಲ್ಲಿ ಕಾರು, ಬೈಕುಗಳಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಸೇರಿದವರು ಅಲ್ಲೇ ಹತ್ತಾರು ವರ್ಷ ಕಳೆದರು. ಮದುವೆಯಾದ ಮೇಲೆ ಮಮತಾ ಹುಬ್ಬಳ್ಳಿಯಲ್ಲಿದ್ದು ಉಗುರಿನ ಕೆಲಸ ಕಲಿತು ಬಂದರು. ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಕುರ್ಚಿ, ಜೆಲ್ ಬಣ್ಣವನ್ನು ಗಟ್ಟಿ ಮಾಡುವ ಪುಟ್ಟ ಲ್ಯಾಂಪು. ಮೊದಲು ಕಾಲೇಜು ಹುಡುಗಿಯರು ಬಂದರು. ಆಮೇಲೆ ಬ್ಯಾಂಕಿನವರು, ಟೀಚರುಗಳು, ಮದುಮಕ್ಕಳು.

ಎರಡನೇ ವರ್ಷ ಮಮತಾ ಅವರ ಬೆರಳ ತುದಿಗಳು ಕೆಂಪಾದವು. ತುರಿಕೆ ಶುರುವಾಗಿ ಚರ್ಮ ಬಿರಿಯಿತು. ಪಾತ್ರೆ ತೊಳೆಯುವ ಸಾಬೂನು ಬದಲಿಸಿದರು, ಕೊಬ್ಬರಿ ಎಣ್ಣೆ ಹಚ್ಚಿದರು. ಚರ್ಮದ ಡಾಕ್ಟರು ನೋಡಿ, ಇದು ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಿ ಬಂದ ಅಲರ್ಜಿ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಆದರೆ ಇನ್ನು ಮುಂದೆ ನೀವು ಜೆಲ್ ಮುಟ್ಟುವ ಹಾಗಿಲ್ಲ ಎಂದರು.

ಆ ವಾರ ಮನೆಯಲ್ಲಿ ಯಾರೂ ಅಂಗಡಿಯ ಮಾತೆತ್ತಲಿಲ್ಲ. ಮಮತಾ ಬೆಳಿಗ್ಗೆ ಹೋಗಿ ಬಾಗಿಲು ತೆಗೆಯುತ್ತಿದ್ದರು, ಕುರ್ಚಿ ಒರೆಸುತ್ತಿದ್ದರು, ಬಂದವರಿಗೆ ಏನಾದರೊಂದು ನೆಪ ಹೇಳಿ ಕಳಿಸುತ್ತಿದ್ದರು. ಒಂದು ಸಂಜೆ ಗ್ಯಾರೇಜಿನಿಂದ ಬಂದ ಕಿರಣ ಕೈಗವಸು ಹಾಕಿಕೊಂಡು, ಅದರ ಒಂದು ಬೆರಳಿನ ತುದಿಯನ್ನಷ್ಟೇ ಕತ್ತರಿಸಿ, ಹೊರಗೆ ಕಂಡ ತಮ್ಮ ಉಗುರಿಗೆ ತಾವೇ ಬಣ್ಣ ಹಚ್ಚಿ, ಲ್ಯಾಂಪಿನಲ್ಲಿ ಒಣಗಿಸಿ ಹೆಂಡತಿಯ ಮುಂದೆ ಹಿಡಿದರು.

"ಅಂಚಿಗೆ ಸರಿಯಾಗ್ಲಿಲ್ಲ," ಎಂದರಂತೆ ಮಮತಾ. ಒಂದು ವಾರದಲ್ಲಿ ಅವರು ಆಡಿದ ಮೊದಲ ಕೆಲಸದ ಮಾತು ಅದು.

"ಕಾರಿಗಾದ್ರೆ ಪುಟ್ಟಿ, ಪ್ರೈಮರ್, ಬಣ್ಣ, ಮೇಲಿಂದ ಹೊಳಪಿಗೆ ಲ್ಯಾಕರ್. ಇದ್ರಲ್ಲೂ ಅದೇ," ಎನ್ನುತ್ತಾರೆ ಕಿರಣ. "ಕಾರು ಅಲ್ಲಾಡೂದಿಲ್ಲ, ಬೆರಳು ಅಲ್ಲಾಡ್ತದೆ. ಅಷ್ಟೇ ಫರಕು."

ಗ್ಯಾರೇಜಿನ ಮಾಲೀಕ ದಿನಕರ ಇವತ್ತಿಗೂ ಬಿಡುವುದಿಲ್ಲ. "ಬಂಪರ್ ಬಿಟ್ಟು ಬೆರಳಿಗೆ ಹೋದ್ಯಲ್ಲೋ ಮಾರಾಯ! ಡೆಂಟ್ ಬಿದ್ರೆ ಎಂತ ಮಾಡ್ತೆ, ಸುತ್ತಿಗೆ ತಗಂಡು ಹೋಗ್ತ್ಯಾ?" ಎಂದು ಪೇಟೆಯಲ್ಲಿ ಸಿಕ್ಕಾಗಲೆಲ್ಲ ಕೂಗುತ್ತಾರೆ. ಅವರ ಮಗಳು ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಈ ಅಂಗಡಿಯ ಮೆಟ್ಟಿಲು ಹತ್ತುತ್ತಾಳೆ.

ಎಲ್ಲರೂ ಹಾಗೆ ಹತ್ತಲಿಲ್ಲ. ಬಾಗಿಲವರೆಗೆ ಬಂದು, "ಮಮತಕ್ಕ ಇಲ್ವಾ?" ಎಂದು ಇಣುಕಿ, ಬ್ರಷ್ ಹಿಡಿದ ಗಂಡಸನ್ನು ಕಂಡು ಇಳಿದು ಹೋದವರೇ ಹೆಚ್ಚು. ಅಲ್ಲಿಂದಲೇ ಕಿರಣರ ಕೆಲಸದ ರೀತಿ ಹುಟ್ಟಿತು. ಮರದ ಮಣೆಗೆ ಸ್ಪಂಜು ಇಟ್ಟು, ರೆಕ್ಸಿನ್ ಹೊದಿಸಿ, ಕೈ ಇಡಲು ತಾವೇ ಒಂದು ಆಸರೆ ಮಾಡಿಕೊಂಡರು. ಬಂದವರು ಅದರ ಮೇಲೆ ಕೈ ಇಡಬೇಕು. ಕಿರಣ ಯಾರ ಕೈಯನ್ನೂ ಹಿಡಿದುಕೊಳ್ಳುವುದಿಲ್ಲ. ಬೆರಳು ತಿರುಗಬೇಕಾದರೆ "ಸ್ವಲ್ಪ ಈಚೆ" ಎನ್ನುತ್ತಾರೆ. ಪಕ್ಕದ ಸ್ಟೂಲಿನಲ್ಲಿ ಮಮತಾ ಕೂತಿರುತ್ತಾರೆ. ಬಣ್ಣ ಆರಿಸುವುದು, ಚಿತ್ರ ಬರೆದು ತೋರಿಸುವುದು, ಊರ ಸುದ್ದಿ ಮಾತಾಡುವುದು, ಫೋನಿನಲ್ಲಿ ದಿನ ಗೊತ್ತು ಮಾಡುವುದು ಅವರ ಪಾಲು. ಈಗ ದಿನಕ್ಕೆ ನಾಲ್ಕೈದು ಜನ ಬರುತ್ತಾರೆ. ಮದುವೆಯ ತಿಂಗಳುಗಳಲ್ಲಿ ಉಸಿರಾಡಲು ಬಿಡುವಿಲ್ಲ.

ಶಿಲ್ಪಾಳಿಗೆ ಅಂಗಡಿಗೆ ಬರುವ ದಿನ ಗೊತ್ತು ಮಾಡಿಕೊಟ್ಟದ್ದೂ ಮಮತಾ ಅವರೇ. ಇವತ್ತು ಕೋಳಿ ಕೂಗುವ ಮೊದಲು ಶಿಲ್ಪಾಳ ಅಪ್ಪ ಅಂದಾನಪ್ಪನವರು ಫೋನು ಮಾಡಿ, "ಏನ್ರಿ ಇದು, ಉಗುರೆಲ್ಲಾ ಹಳದಿ ಆಗ್ಯಾವು, ಹುಡುಗಿ ಅಳಾಕ್ಹತ್ತೈತಿ, ಲಗೂನ ಬರ್ರಿ," ಎಂದಾಗ ಮಮತಾ ಹಾಸಿಗೆಯ ಮೇಲೆ ಎದ್ದು ಕೂತರು.

"ಅರಿಶಿಣ ಯಾವತ್ತು ಅಂತ ನಾ ಕೇಳ್ಲೇ ಇಲ್ಲ," ಎಂದರು. "ನಮ್ಮನೇಲಿ ಕೆನ್ನೆಗೆ, ಪಾದಕ್ಕೆ ಮುಟ್ಟಿಸೂದಷ್ಟೇ. ಮೊಣಕೈವರೆಗೆ ತಿಕ್ತಾರೆ ಅಂತ ನಂಗೆಂತ ಗೊತ್ತು! ಅರಿಶಿಣ ಆದ್ಮೇಲೆ ದಿನ ಕೊಡಬೇಕಾಗಿತ್ತು. ಮುಗೀತು ನಮ್ಮ ಅಂಗಡಿ."

ಕಿರಣ ಲ್ಯಾಂಪು, ಬಾಟಲಿಗಳು, ಉಗುರು ತಿಕ್ಕುವ ಬಫರುಗಳನ್ನು ಚೀಲಕ್ಕೆ ತುಂಬಿ ಬೈಕು ಹೊರಡಿಸಿದರು.

ಈಗ ಆ ಬಫರು ಶಿಲ್ಪಾಳ ಕಿರುಬೆರಳ ಮೇಲಿದೆ. ಕಾರಿನ ಲ್ಯಾಕರಿಗೆ ಕಲೆ ಬಿದ್ದರೆ ಸಣ್ಣ ಉಪ್ಪುಕಾಗದದಲ್ಲಿ ಮೇಲಿನ ಪದರವನ್ನಷ್ಟೇ ಸವೆಸುತ್ತಿದ್ದ ಕೈ ಅದು. ಅಲ್ಲಿ ಒಂದು ಮೊಳ ಜಾಗವಿರುತ್ತಿತ್ತು. ಇಲ್ಲಿರುವುದು ಹುಣಸೆಬೀಜದಷ್ಟು. ಹೊಳಪು ಮಾಸುತ್ತದೆ, ಬಿಳಿಯ ಪುಡಿ ಏಳುತ್ತದೆ. ಅಂದಾನಪ್ಪನವರ ತಾಯಿ ಮುರಿಗೆವ್ವ ಗೋಡೆಗೊರಗಿ ನೋಡುತ್ತಿದ್ದಾರೆ.

"ಅಲ್ಲೋ ತಮ್ಮಾ, ಮದುವಿ ಮನ್ಯಾಗ ಅರಿಷಿಣ ಹಚ್ತಾರಂತ ತಿಳೀಲಿಲ್ಲೇನು ನಿನಗ? ಅದಕ್ಕಿಂತ ಮೊದಲ ಬಾ ಅಂತ ಹೇಳಿದವರ‍್ಯಾರು ಈ ಹುಡುಗಿಗೆ?"

"ತಪ್ಪು ನಂದೇ ಅಜ್ಜಿ," ಎನ್ನುತ್ತಾರೆ ಕಿರಣ, ತಲೆ ಎತ್ತದೆ.

"ನಿಂದಾದ್ರ ನೀನ ಸರಿ ಮಾಡು."

ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸುತ್ತಾರೆ. ಹತ್ತಿ ಹಳದಿಯಾಗುತ್ತದೆ. ಉಗುರು ಗುಲಾಬಿಯಾಗಿದೆ.

ಶಿಲ್ಪಾ ಒಮ್ಮೆಲೇ ಉಸಿರು ಬಿಡುತ್ತಾಳೆ. ಚಿತ್ರಾನ್ನ ಎಂದಿದ್ದ ಹುಡುಗಿ ಎಲ್ಲರಿಗಿಂತ ಮುಂದೆ ಬಂದು ಕೂರುತ್ತಾಳೆ. ಅಂದಾನಪ್ಪನವರು ಬಾಗಿಲಲ್ಲಿ ನಿಂತು, "ಛಾ ತರ್ರೇ, ಛಾ! ಆ ಮನುಷ್ಯಾಗ ಬಂದಾಗಿಂದ ಒಂದು ಹನಿ ನೀರ ಕೊಟ್ಟಿಲ್ಲ," ಎಂದು ಒಳಗಿನವರನ್ನು ಬೈಯುತ್ತಾರೆ. ಬೈಗುಳದಲ್ಲೂ ಈಗ ಹಗುರವಿದೆ.

ಉಗುರುಗಳು ಒಂದೊಂದಾಗಿ ತಿಳಿಯಾಗುತ್ತವೆ. ಬಲಗೈ ಹೆಬ್ಬೆರಳು ಮಾತ್ರ ಹಟ ಮಾಡುತ್ತದೆ. ಅಲ್ಲಿ ಹೊಳಪಿನ ಪದರ ಎಲ್ಲೋ ಗೀಚಿಕೊಂಡು ಎಣ್ಣೆ ಒಳಗೆ ಇಳಿದಿದೆ. ಕಿರಣ ಫೋಟೋ ತೆಗೆದು ಮಮತಾಗೆ ಕಳಿಸುತ್ತಾರೆ. ಕೂಡಲೇ ಫೋನು ಬರುತ್ತದೆ, ಕಿರಣ ಸ್ಪೀಕರಿಗೆ ಹಾಕುತ್ತಾರೆ.

"ಅದನ್ನ ತಿಕ್ಕೂಕೆ ಹೋಗ್ಬೇಡಿ. ಅದ್ರ ಮೇಲೆ ಒಂದು ಬಂಗಾರದ ಎಲೆ ಬಿಡಿಸಿ. ಎರಡೂ ಹೆಬ್ಬೆರಳಿಗೆ ಬಿಡಿಸಿ, ಬೇಕಂತಲೇ ಮಾಡಿದ ಹಂಗೆ ಕಾಣ್ತದೆ. ಎಲೆ ಸಣ್ಣದಾಗ್ಲಿ ಮತ್ತೆ, ನೀವು ಲಾರಿ ಮೇಲೆ ಬರೆದಂಗೆ ಬರೀಬೇಡಿ!"

ಕೇಳಿಸಿಕೊಂಡ ಹೆಂಗಸರು ನಗುತ್ತಾರೆ. ಕಿರಣರೂ ನಗುತ್ತಾರೆ, ಬಂದ ಮೇಲೆ ಮೊದಲ ಸಲ. ಅರಿಶಿಣದ ಕಲೆಯ ಮೇಲೆ ಬಂಗಾರ ಬಣ್ಣದ ಎಲೆ ಏಳುತ್ತದೆ. ಹೊಸ ಹೊಳಪಿನ ಪದರ ಹಚ್ಚಿ ಕೈಗಳನ್ನು ಲ್ಯಾಂಪಿನೊಳಗೆ ಇಡಿಸುವ ಹೊತ್ತಿಗೆ ಕಿಟಕಿಯಲ್ಲಿ ಬೆಳಕು ಬಂದಿದೆ.

"ಮೊದಲಿಗಿಂತ ಇದ ಚಂದ ಆತಲ್ರೀ," ಎನ್ನುತ್ತಾಳೆ ಶಿಲ್ಪಾ, ಹೆಬ್ಬೆರಳನ್ನು ಅತ್ತಿತ್ತ ತಿರುಗಿಸುತ್ತ.

ಚೀಲ ಕಟ್ಟಬೇಕು ಎನ್ನುವಾಗ ಮುರಿಗೆವ್ವ ಎದುರು ಬಂದು ಕೂತು, ಮಣೆಯ ಮೇಲೆ ತಮ್ಮ ಕೈ ಇಡುತ್ತಾರೆ. ಶುಂಠಿ ಗದ್ದೆಯಲ್ಲಿ ಸವೆದು ಅಂಚು ಮುರಿದ ಉಗುರುಗಳು. "ಬಣ್ಣ ಬ್ಯಾಡಪಾ. ಬರೇ ಹೊಳಪು. ಬೀಗರ ಮುಂದ ಕೈ ಮುಗೀಬೇಕಲ್ಲ."

ಕಿರಣ ಅವುಗಳ ಅಂಚು ನೇರ ಮಾಡಿ, ಹೊಳಪು ಹಚ್ಚಿ ಕೊಡುತ್ತಾರೆ. ಮುದುಕಿ ಎರಡೂ ಕೈ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡುತ್ತಾರೆ.

ಅದಾಗಿ ಎರಡು ಮದುವೆ ಕಾಲ ಕಳೆದಿವೆ. ಆ ಮನೆಯ ನೆಂಟರಿಂದಲೇ ಅಂಗಡಿಗೆ ಎಷ್ಟೋ ಮದುಮಕ್ಕಳು ಬಂದಿದ್ದಾರೆ. ಯಾರು ಫೋನು ಮಾಡಿದರೂ ಮಮತಾ ಕೇಳುವ ಮೊದಲ ಪ್ರಶ್ನೆ, "ಅರಿಶಿಣ ಯಾವತ್ತು?" ಅರಿಶಿಣವಾದ ಮೇಲೆ ಕಿರಣರೇ ಮನೆಗೆ ಹೋಗುತ್ತಾರೆ. ಯಲ್ಲಾಪುರ, ಸಿದ್ದಾಪುರ, ಒಮ್ಮೆ ಕಿರವತ್ತಿಯ ಆಚೆಗೂ ಹೋಗಿದ್ದುಂಟು. ಹೆಚ್ಚಿನ ದಿನ ಅವರ ಕೆಲಸ ಶುರುವಾಗುವುದು ಬೆಳಗಿನ ಜಾವವೇ.

ಮುಂದೇನು ಎಂದರೆ ಇಬ್ಬರಿಗೂ ಒಂದೇ ಆಸೆ. "ಉಗುರು ತಿಕ್ಕುವಾಗ ಏಳುವ ಧೂಳನ್ನ ಎಳೆಯುವ ದೊಡ್ಡ ಮೆಷಿನ್ ಬರ್ತದೆ. ಅದೊಂದು ಆಗ್ಬೇಕು," ಎನ್ನುತ್ತಾರೆ ಕಿರಣ. "ಚರ್ಮಕ್ಕೆ ತಾಗುವ ಧೂಳು ಇಲ್ದಿದ್ರೆ ಇವ್ಳು ಇನ್ನೂ ಹತ್ರ ಕೂತ್ಕಂಡು ನೋಡ್ಲಕ್ಕು."

ಈಚೆಗೆ ತವರಿಗೆ ಬಂದಿದ್ದ ಶಿಲ್ಪಾ ಅಂಗಡಿಗೂ ಬಂದಿದ್ದಳು. ಮಣೆಯ ಮೇಲೆ ಕೈ ಇಟ್ಟು ಆ ಬೆಳಗಿನ ಕತೆಯನ್ನೆಲ್ಲ ಮಮತಾಗೆ ನಗುನಗುತ್ತ ಹೇಳಿದಳು. "ನಮ್ಮಜ್ಜಿ ಬಿಡಲೇ ಇಲ್ರಿ ಅಕ್ಕಾರ, ಯಾರು ಹೇಳಿದ್ರು, ಯಾರು ಹೇಳಿದ್ರು ಅಂತ. ಅಣ್ಣಾರು ತಪ್ಪೆಲ್ಲಾ ತಮ್ಮದ ಅಂದ್ರು."

ಮಮತಾ ಬಣ್ಣದ ಬಾಟಲಿಗಳನ್ನು ಜೋಡಿಸುತ್ತಿದ್ದವರು ನಿಲ್ಲಿಸಿ ಗಂಡನ ಕಡೆ ತಿರುಗಿದರು. ಅವತ್ತು ಮದುವೆಮನೆಯಿಂದ ಮರಳಿದ ಕಿರಣ, ಅಲ್ಲಿಯ ಉಪ್ಪಿಟ್ಟು ಚೆನ್ನಾಗಿತ್ತು ಎಂದಷ್ಟೇ ಹೇಳಿದ್ದರು.

"ಸ್ವಲ್ಪ ಈಚೆ," ಎಂದರು ಕಿರಣ, ಶಿಲ್ಪಾಳ ಬೆರಳಿಗೆ.

ದಿನ ಕೊಟ್ಟವಳು ಮಮತಾ ಎಂದು ಅವರು ಆ ಮನೆಯಲ್ಲಿ ಹೇಳಲಿಲ್ಲ. ಹೇಳಲಿಲ್ಲ ಎಂಬುದನ್ನು ಮಮತಾಗೂ ಹೇಳಿರಲಿಲ್ಲ.